ವಿದ್ಯಾಗರ್ವವನ್ನು ಜಯಿಸಿದ ಕಿಟ್ಟೆಲ್ ಪಂಡಿತರು



ನಮ್ಮ ಮರ್ಫಿ ಟೌನಿನಿಂದ ಹಲಸೂರನ್ನು ದಾಟಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಮುಂದೆ ಹೋದರೆ, ಮೇಯೋ ಹಾಲಿನ ಬಳಿಯಲ್ಲಿ ಒಬ್ಬ ಪಾದ್ರಿಯವರ ಪ್ರತಿಮೆಯುಂಟು. ಆಸ್ಟಿನ್ ಟೌನಿಗೆ ಕಿಟ್ಟೆಲ್ ನಗರವೆಂಬ ಹೆಸರು ಬಂದಿರುವುದೂ ಅವರಿಂದಲೇ. ಕ್ರೈಸ್ತ ಜೀವನಕ್ಕೆ ಶತ್ರುಗಳಾದ ಗರ್ವ, ಸುಖಾಪೇಕ್ಷೆಗಳೆಂಬ ಎರಡರ ವಿಷಯದಲ್ಲಿ ಅವರ ಚರಿತ್ರೆಯು ನಮಗೆ ಒಳ್ಳೆಯ ಪಾಠವಾಗಿರುತ್ತದೆ.

ಫರ್ಡಿನಾಂಡ್ ಕಿಟ್ಟೆಲ್ ಅವರು 1832ನೆಯ ಇಸವಿ ಏಪ್ರಿಲ್ 7ರಂದು ಜರ್ಮನಿ ದೇಶದಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಬಾಸೆಲ್ ಮಿಷನಿನ ಶಾಲೆಯಲ್ಲಿ ತರಬೇತಿ ಹೊಂದಿ, 1853ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ ಕನ್ನಡ ನಾಡಿಗೆ ಬಂದರು. ಭಾರತೀಯರಿಗೆ ತಾವೂ ಭಾರತೀಯರಂತಾಗಬೇಕೆಂಬುದು ಅವರ ಆಶೆ. ಐರೋಪ್ಯರಿಗೆ ರೂಢಿಯಾಗಿದ್ದ ಸೌಕರ್ಯಗಳನ್ನು ಬಿಟ್ಟು ಸರಳವಾಗಿ ಬಾಳಲು ಅವರು ಬಯಸಿದರು. ಆದರೆ ಮಿಷನಿನ ಹಿರಿಯರಿಗೆ ಈ ರೀತಿಯು ಒಪ್ಪಿಗೆಯಾಗಲಿಲ್ಲ. ಬೋಧಕರಾಗಿ ಅವರು ನಿರೀಕ್ಷಿಸಿದಷ್ಟು ಫಲವೂ ಕಾಣಲಿಲ್ಲ.

ಇಲ್ಲಿ ನಾವು ನಿಂತು ಯೋಚಿಸತಕ್ಕದ್ದುಂಟು. ಸುಖವನ್ನು ಬಿಡುವುದು ಕಷ್ಟವೇ ಸರಿ. ಬಿಟ್ಟೆನೆಂಬ ಹೆಮ್ಮೆಯನ್ನು ಬಿಡುವುದು ಅದಕ್ಕಿಂತಲೂ ಕಷ್ಟ. ತ್ಯಾಗವೂ ಗರ್ವಕ್ಕೆ ಬಾಗಿಲಾಗುವುದುಂಟು. ತಮ್ಮ ಮನಸ್ಸಿನಂತೆ ನಡೆಯಲಿಲ್ಲವೆಂದು ಕಿಟ್ಟೆಲ್ ಅವರು ಸೇವೆಯನ್ನು ತೊರೆದು ಹೋಗಲಿಲ್ಲ. ಅಧ್ಯಾಪನ, ಗ್ರಂಥರಚನೆ, ಮುದ್ರಣ ಮೊದಲಾದ, ಹೊರಗಿನವರ ಕಣ್ಣಿಗೆ ಬೀಳದ ಕೆಲಸಗಳಿಗೆ ಕೈಹಾಕಿದರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯಗಳಲ್ಲಿ ಹೇಳುವ ‘ಕಥಾಮಾಲೆ’ಯನ್ನು ಪ್ರಕಟಿಸಿದರು, 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಅಚ್ಚುಹಾಕಿಸಿದರು.

ನಿಘಂಟಿನ ಕಾರ್ಯವು ಅನೇಕ ವರ್ಷ ನಡೆಯಿತು. ನಡುವೆ ಸ್ವದೇಶಕ್ಕೆ ಹೋಗಿದ್ದವರು, ಆ ಕೆಲಸಕ್ಕೋಸ್ಕರ ತಮ್ಮ 50 ವರ್ಷ ದಾಟಿದ ಮೇಲೆ ಪುನಃ ಈ ದೇಶಕ್ಕೆ ಬಂದರು. ಪಂಡಿತರ ಪಕ್ಕದಲ್ಲಿ ಶಿಷ್ಯರಂತೆ ಕುಳಿತು ಕೇಳಿದರು. ಹಳೆಯ ಕಾವ್ಯಗಳ ಮಾತಿನೊಂದಿಗೆ ಸಾಮಾನ್ಯ ಜನರ ಬಾಯಲ್ಲಿದ್ದ ಗಾದೆಗಳಿಗೂ ಅದರಲ್ಲಿ ಸ್ಥಳ ಕೊಟ್ಟರು. ಸುಮಾರು 70,000 ಶಬ್ದಗಳುಳ್ಳ ಆ ಮಹಾಗ್ರಂಥವು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಿತ್ತು. ತನಗೆ ತಿಳಿಯದೆಂದು ಕೇಳಲು ನಾಚುವವನಿಂದ ಇಂಥ ಕೆಲಸವಾಗುತ್ತಿತ್ತೇ?

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಪದವಿ ದೊರೆಯಿತು, ವಯಸ್ಸೂ ಆಯಿತು, ಇನ್ನು ವಿಶ್ರಾಂತಿಯೇ ಸಾಕೆಂದು ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. 1903ರಲ್ಲಿ, 71ನೆಯ ವಯಸ್ಸಿನಲ್ಲಿ, ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ ಪಟ್ಟಣದಲ್ಲಿ ಅವರು ಕರ್ತನಲ್ಲಿ ನಿದ್ರೆಹೋದರು.

ನಮ್ಮ ಶಾಲೆಯಿಂದ ಹೊರಟ ಅನೇಕರು ಇಂದು ಉಪಾಧ್ಯಾಯಿನಿಯರೂ ದಾದಿಯರೂ ಪದವೀಧರರೂ ಆಗಿರುವುದು ನಮಗೆ ಸಂತೋಷ. ಆದರೆ ಓದಿದ ಮಗಳು ಓದಲಾರದ ತಾಯಿಯ ಮಾತನ್ನು ಹಗುರವಾಗಿ ಕಂಡರೆ, ಕೈಗೆ ಸಂಬಳ ಬಂದೊಡನೆ ನೆರೆಯವಳ ಕಷ್ಟವನ್ನು ಮರೆತರೆ, ನಾವು ಕಲಿಸಿದ ವಿದ್ಯೆಯು ಅರ್ಧಕ್ಕೇ ನಿಂತಂತಾಯಿತು. ಶಿಷ್ಯರ ಪಾದಗಳನ್ನು ತೊಳೆದ ಕರ್ತನು, ಕೊನೆಯ ವರೆಗೂ ಕಲಿಯುವ ಮನಸ್ಸನ್ನೂ ಸೇವೆಮಾಡುವ ಕೈಗಳನ್ನೂ ನಮ್ಮೆಲ್ಲರಿಗೂ ದಯಪಾಲಿಸಲಿ.