ಎರಡು ಪೈಸೆಯ ಶಾಲೆ: ಕುದ್ಮುಲ್ ರಂಗರಾಯರ ಬದುಕು

ಈ ಲೇಖನ ಬರೆಯೋಕೆ ಕಾರಣ ಒಂದು ಮಕ್ಕಳ ಚಿತ್ರಪುಸ್ತಕ. ದುಬೈನಲ್ಲಿ ವಾರಾಂತ್ಯಕ್ಕೆ ನಡೆಯುವ ಮಕ್ಕಳ ಕನ್ನಡ ತರಗತಿಗೆ ನಾನು ಅಕ್ಷರ ಕಲಿಸೋಕೆ ಹೋಗ್ತೀನಿ. ಒಂದು ಶನಿವಾರ ಎಂಟು ವರ್ಷದ ಹುಡುಗಿಯೊಬ್ಬಳು ತನ್ನ ಶಾಲೆಯ ಲೈಬ್ರರಿಯಿಂದ ತಂದಿದ್ದ ರೂಬಿ ಬ್ರಿಡ್ಜಸ್ ಕಥೆಯ ಪುಸ್ತಕ ತೋರಿಸಿದಳು. 1960ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಬಿಳಿಯರ ಮಕ್ಕಳಷ್ಟೇ ಓದುತ್ತಿದ್ದ ಶಾಲೆಗೆ ಆರು ವರ್ಷದ ಕಪ್ಪು ಹುಡುಗಿ ರೂಬಿ ಸರ್ಕಾರಿ ಕಾವಲಿನಲ್ಲಿ ನಡೆದುಹೋದ ಕಥೆ ಅದು. ಉಳಿದ ಅಪ್ಪ ಅಮ್ಮಂದಿರು ತಮ್ಮ ಮಕ್ಕಳನ್ನು ವಾಪಸ್ ಕರೆದುಕೊಂಡು ಹೋದರು. ಅವಳಿಗೆ ಪಾಠ ಹೇಳಲು ಒಬ್ಬ ಟೀಚರ್ ಮಾತ್ರ ಒಪ್ಪಿದರು. ಪುಸ್ತಕ ಮುಚ್ಚಿ ಈ ಹುಡುಗಿ ನನ್ನನ್ನು ಕೇಳಿದ್ದು ಇಷ್ಟೇ, ನಮ್ಮೂರಲ್ಲೂ ಹೀಗೆ ಆಗಿತ್ತಾ ಅಂತ.

ಆಗಿತ್ತು ಅಂದೆ. ಎಲ್ಲಿ, ಯಾರಿಗೆ ಅಂದಾಗ ಅಂಬೇಡ್ಕರ್ ಹೆಸರು ಹೇಳಿ ಸುಮ್ಮನಾದೆ. ಅವಳ ಊರು ಮಂಗಳೂರು. ಮಂಗಳೂರಿನಲ್ಲಿ ಏನಾಗಿತ್ತು ಅನ್ನೋದು ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷ ಅಲ್ಲೇ ಎಂಜಿನಿಯರಿಂಗ್ ಓದಿದವನು ನಾನು. ಕುದ್ಮುಲ್ ರಂಗರಾವ್ ಪುರಭವನದ ಮುಂದೆ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಆದರೆ ಆ ಹೆಸರಿನ ಮನುಷ್ಯ ಯಾರು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಅವತ್ತು ರಾತ್ರಿ ಹಾಸ್ಟೆಲಿಗೆ ಬಂದು ಓದೋಕೆ ಶುರು ಮಾಡಿದೆ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲ್ ಎಂಬ ಹಳ್ಳಿಯಲ್ಲಿ, ಬಡ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಹದಿಹರೆಯದಲ್ಲೇ ತಂದೆ ತೀರಿಕೊಂಡರು. ಹುಡುಗ ದಾರಿ ಹುಡುಕಿಕೊಂಡು ಮಂಗಳೂರಿಗೆ ಬಂದ. ಕಡಿಮೆ ಸಂಬಳದ ಮಾಸ್ತರಿಕೆ ಮಾಡುತ್ತಲೇ ಓದು ಮುಂದುವರಿಸಿ, ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲರಾದರು. ಬಡವರ ವಕೀಲ ಅಂತಲೇ ಅವರಿಗೆ ಹೆಸರು ಬಂತು. ಹೀಗೇ ಮುಂದುವರಿದಿದ್ದರೆ ಸಾಕಷ್ಟು ದುಡ್ಡು, ಗೌರವ, ಕೋರ್ಟಿನ ಹತ್ತಿರ ಒಂದು ಒಳ್ಳೆಯ ಮನೆ ಎಲ್ಲ ಸಿಗುತ್ತಿತ್ತು.

ಆ ಕಾಲದ ಮಂಗಳೂರಿನಲ್ಲಿ ಉಳ್ಳಾಲ ರಘುನಾಥಯ್ಯನವರಂಥ ಹಿರಿಯರ ಮುಂದಾಳತ್ವದಲ್ಲಿ ಬ್ರಹ್ಮಸಮಾಜ ಕೆಲಸ ಮಾಡುತ್ತಿತ್ತು. ಜಾತಿಭೇದ ಬೇಡ, ವಿಧವೆಯರಿಗೆ ಮರುಮದುವೆ ಆಗಬೇಕು ಅನ್ನುವ ವಿಚಾರಗಳು ರಂಗರಾಯರನ್ನು ಸೆಳೆದವು. ಆದರೆ ವಿಚಾರ ಒಪ್ಪುವುದು ಬೇರೆ, ಅದಕ್ಕಾಗಿ ಬದುಕನ್ನೇ ಬದಲಿಸಿಕೊಳ್ಳುವುದು ಬೇರೆ. ಅವರನ್ನು ಅಲುಗಾಡಿಸಿದ್ದು ಕೋರ್ಟಿನಲ್ಲೇ ಕಂಡ ಒಂದು ಸಂಗತಿ. ಬೆಂದೂರು ಬಾಬು ಎಂಬ ದಲಿತ ಯುವಕ ನಾಲ್ಕನೇ ತರಗತಿಯವರೆಗೆ ಓದಿ ಜಿಲ್ಲಾ ನ್ಯಾಯಾಲಯದಲ್ಲಿ ಜವಾನನ ಕೆಲಸ ಪಡೆದಿದ್ದ. ದಲಿತನೊಬ್ಬ ಸರ್ಕಾರಿ ಕಟ್ಟಡದೊಳಗೆ ಓಡಾಡುವುದನ್ನು ಮೇಲುಜಾತಿಯವರಿಗೆ ಸಹಿಸಲಾಗಲಿಲ್ಲ, ವಿರೋಧ ಎದ್ದಿತು. ನ್ಯಾಯ ಕೊಡುವ ಜಾಗದಲ್ಲೇ ಒಬ್ಬ ಮನುಷ್ಯನಿಗೆ ನಿಲ್ಲಲು ಎಡೆಯಿಲ್ಲದ್ದನ್ನು ಕಂಡ ರಂಗರಾಯರಿಗೆ, ಈ ಮಕ್ಕಳು ಓದದೆ ಯಾವ ಬದಲಾವಣೆಯೂ ಆಗುವುದಿಲ್ಲ ಅನ್ನುವುದು ಖಚಿತವಾಯಿತು.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ದಲಿತ ಮಕ್ಕಳಿಗಾಗಿ ಶಾಲೆ ಶುರು ಮಾಡಿದರು. ಅಂಬೇಡ್ಕರ್ ಅವರು ಆಗ ಒಂದು ವರ್ಷದ ಮಗು ಅಂದರೆ ಕಾಲ ಎಂಥದ್ದು ಅಂತ ಅಂದಾಜಾಗುತ್ತೆ. ರೂಬಿ ಶಾಲೆಯ ಮೆಟ್ಟಿಲು ಹತ್ತುವುದಕ್ಕೆ ಇನ್ನೂ 68 ವರ್ಷ ಇತ್ತು. ಸುತ್ತಲಿನವರ ವಿರೋಧದಿಂದ ಆ ಶಾಲೆ ಅಲ್ಲಿ ಉಳಿಯಲಿಲ್ಲ. ಕಂಕನಾಡಿಗೆ ಹೋಯಿತು, ಅಲ್ಲೂ ನಿಲ್ಲಲಿಲ್ಲ. ಜಾಗ ಬದಲಾಯಿಸುತ್ತಾ ಕೊನೆಗೆ ಕೋರ್ಟ್ ಗುಡ್ಡೆಯ ಶೇಡಿಗುಡ್ಡೆಯಲ್ಲಿ ನೆಲೆಯಾಯಿತು. 1897ರಲ್ಲಿ ಈ ಕೆಲಸಕ್ಕೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯ ರೂಪ ಕೊಟ್ಟರು. ಮುಂದೆ ಅತ್ತಾವರ, ದಡ್ಡಲಕಾಡು, ಮೂಲ್ಕಿ, ಉಳ್ಳಾಲ, ಉಡುಪಿಯ ಕಡೆಗೆಲ್ಲ ಶಾಲೆಗಳು ಹರಡಿದವು.

ಎಂಜಿನಿಯರಿಂಗ್ ಓದಿದ ನನಗೆ ಇಲ್ಲಿಂದ ಮುಂದಿನ ಕಥೆ ತುಂಬಾ ಹಿಡಿಸಿತು. ಪೈಪಿನಲ್ಲಿ ಒಂದು ಕಡೆ ಕಟ್ಟಿದ್ದನ್ನು ತೆಗೆದರೆ ನೀರು ಮುಂದಿನ ಅಡ್ಡಿಯಲ್ಲಿ ಹೋಗಿ ನಿಲ್ಲುತ್ತೆ. ಒಂದೊಂದೇ ಅಡ್ಡಿ ಹುಡುಕಿ ತೆಗೀಬೇಕು. ರಂಗರಾಯರು ಮಾಡಿದ್ದೂ ಅದನ್ನೇ. ಶಾಲೆಯ ಬಾಗಿಲು ತೆರೆದರು, ಮೇಷ್ಟರು ಸಿಗಲಿಲ್ಲ. ಈ ಮಕ್ಕಳಿಗೆ ಪಾಠ ಹೇಳಿದವರನ್ನು ಜಾತಿಯವರು ಬಹಿಷ್ಕಾರ ಹಾಕುತ್ತಿದ್ದ ಕಾಲ ಅದು. ಕೊನೆಗೆ ಕ್ರೈಸ್ತ ಶಿಕ್ಷಕರು ಧೈರ್ಯ ಮಾಡಿ ಬಂದರು. ಮೇಷ್ಟರು ಸಿಕ್ಕರು, ಮಕ್ಕಳು ಬರಲಿಲ್ಲ. ಯಾಕೆಂದರೆ ಆ ಮನೆಗಳಲ್ಲಿ ಮಗು ದುಡಿದು ತರುವುದೂ ಅವತ್ತಿನ ಗಂಜಿಗೆ ಬೇಕಾಗಿತ್ತು. ಶಾಲೆಗೆ ಕಳಿಸುವುದೆಂದರೆ ಅಷ್ಟು ಕೂಲಿ ಬಿಟ್ಟಂತೆ. ಅದಕ್ಕೆ ಶಾಲೆಗೆ ಬಂದ ಮಗುವಿನ ಹೆಸರಲ್ಲಿ ದಿನಕ್ಕೆ ಎರಡು ಪೈಸೆ ಮನೆಯವರಿಗೆ ಕೊಡುವ ಏರ್ಪಾಟು ಮಾಡಿದರು. ಹಸಿದ ಹೊಟ್ಟೆಯಲ್ಲಿ ಅಕ್ಷರ ಹತ್ತಲ್ಲ ಅಂತ ಮಧ್ಯಾಹ್ನದ ಊಟ ಹಾಕಿಸಿದರು. ಇವತ್ತು ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ನೋಡಿದ್ದೀವಲ್ಲ, ಆ ಯೋಚನೆ ಆ ಗುಡ್ಡದ ಮೇಲಿನ ಶಾಲೆಯಲ್ಲಿ ಆಗಲೇ ಇತ್ತು.

ಓದಿದ ಮೇಲೆ ಕೆಲಸ ಯಾರು ಕೊಡ್ತಾರೆ ಅನ್ನುವುದು ಮುಂದಿನ ಅಡ್ಡಿ. ಅದಕ್ಕೆ ನೇಯ್ಗೆ, ಬಡಗಿ ಕೆಲಸದಂಥ ಕಸುಬುಗಳನ್ನೂ ಕಲಿಸಿದರು. ಕಲಿತ ಹುಡುಗ ಸಂಜೆ ವಾಪಸ್ ಹೋಗುವ ಗುಡಿಸಲಾದರೂ ಅವನದಾ? ಧಣಿ ಏಳು ಅಂದರೆ ಏಳಬೇಕು. ಹಾಗಾಗಿ ಜಾಗ ಪಡೆದು ಮನೆ ಕಟ್ಟಿಕೊಳ್ಳಲು ಹಂಚಿದರು. ಶೇಡಿಗುಡ್ಡೆ, ಅತ್ತಾವರದ ಬಾಬುಗುಡ್ಡೆಯಂಥ ಕಡೆ ಕಾಲೊನಿಗಳು ಎದ್ದವು. ಎಲ್ಲರಿಗಿಂತ ಹೊರಗೆ ಉಳಿದಿದ್ದ ಕೊರಗರನ್ನೂ ಅವರು ಮರೆಯಲಿಲ್ಲ. ಮನೆ ಆಯಿತು, ಊರಿನ ತೀರ್ಮಾನ ಮಾಡುವ ಜಾಗದಲ್ಲಿ ಇವರ ಪರ ಮಾತಾಡುವವರು ಬೇಡವೇ? ಪುರಸಭೆ, ಜಿಲ್ಲಾ ಬೋರ್ಡುಗಳಲ್ಲಿ ದಲಿತರಿಗೂ ಸ್ಥಾನ ಬೇಕೆಂದು ಪ್ರಯತ್ನಪಟ್ಟರು. ಅಂಗಾರ ಮಾಸ್ಟರ್, ಗೋವಿಂದ ಮಾಸ್ಟರ್ ಅವರಂಥವರು ಅಲ್ಲಿಗೆ ನಾಮಕರಣಗೊಂಡರು.

ಇದಕ್ಕೆಲ್ಲ ಅವರು ಕೊಟ್ಟ ಬೆಲೆ ಸಣ್ಣದಲ್ಲ. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ಮನೆಗೆ ಕ್ಷೌರಿಕ ಬರುತ್ತಿರಲಿಲ್ಲ, ಅಗಸ ಬರುತ್ತಿರಲಿಲ್ಲ. ಇಂಥದ್ದನ್ನು ಒಬ್ಬ ಗಂಡಸು ತಡೆದುಕೊಂಡ ಅಂತ ಬರೆದುಬಿಡುವುದು ಸುಲಭ. ಆದರೆ ಆ ಮನೆಯಲ್ಲಿ ಪತ್ನಿ, ಮಕ್ಕಳೂ ಇದ್ದರು. ಅವರೂ ಅಷ್ಟನ್ನೂ ಅನುಭವಿಸಿದರು. ಮನೆಯ ವಿಷಯಕ್ಕೆ ಬಂದಾಗ ರಂಗರಾಯರು ಹೇಳಿದ್ದನ್ನೇ ಮಾಡಿದರು. 1912ರಲ್ಲಿ ಮಗಳು ರಾಧಾಬಾಯಿಯವರ ಮದುವೆ ಬೇರೆ ಜಾತಿಯ, ಬೇರೆ ಭಾಷೆಯ ಡಾ. ಪಿ. ಸುಬ್ಬರಾಯನ್ ಅವರೊಂದಿಗೆ ಆಯಿತು. ಸುಬ್ಬರಾಯನ್ 1926ರಲ್ಲಿ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ದುಂಡುಮೇಜಿನ ಸಮ್ಮೇಳನಕ್ಕೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು. 1966ರಲ್ಲಿ ಭಾರತೀಯ ಸೇನೆಯ ಮುಖ್ಯಸ್ಥರಾದ ಜನರಲ್ ಕುಮಾರಮಂಗಲಂ ಇವರ ಮಗ, ಅಂದರೆ ರಂಗರಾಯರ ಮೊಮ್ಮಗ.

ಬ್ರಿಟಿಷ್ ಸರ್ಕಾರ ರಾವ್ ಸಾಹೇಬ್ ಎಂಬ ಬಿರುದು ಕೊಟ್ಟಿತು. ಕೊನೆಯ ದಿನಗಳಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದ ಎಂಬ ಹೆಸರಿಟ್ಟುಕೊಂಡರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಸಂಸ್ಕಾರವನ್ನು ಊರು ಗುಡಿಸುವ ತೋಟಿ ಸಮುದಾಯದವರೇ ಮಾಡಬೇಕು ಅಂತ ಮೊದಲೇ ಬರೆದಿಟ್ಟಿದ್ದರು. ಆರು ವರ್ಷದ ನಂತರ, 1934ರ ಫೆಬ್ರವರಿಯಲ್ಲಿ, ಮಂಗಳೂರಿಗೆ ಬಂದ ಗಾಂಧೀಜಿ ಅವರ ಕೆಲಸವನ್ನು ನೆನೆದರು.

ಬಾಬುಗುಡ್ಡೆಯಲ್ಲಿ ರಂಗರಾಯರ ಸಮಾಧಿ ಇದೆ. ಅವರದೊಂದು ಆಸೆಯನ್ನು ಅಲ್ಲಿ ಕೆತ್ತಿದ್ದಾರೆ. ತಮ್ಮ ಶಾಲೆಯಲ್ಲಿ ಓದಿದ ದಲಿತರ ಮಗುವೊಂದು ದೊಡ್ಡದಾಗಿ, ಊರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಚಕ್ರದಿಂದ ಎದ್ದ ಧೂಳು ತಮ್ಮ ತಲೆಗೆ ತಾಗಬೇಕು, ಆಗ ತಮ್ಮ ಬದುಕು ಸಾರ್ಥಕ ಅನ್ನುವುದು ಅದರ ಭಾವ. ಮಾಮೂಲಿನಂತೆ ದೊಡ್ಡವರ ಪಾದಧೂಳಿ ಚಿಕ್ಕವರ ತಲೆಗೆ ಬೀಳುತ್ತೆ. ಇವರು ಅದನ್ನು ತಿರುಗಿಸಿಬಿಟ್ಟರು.

ಇಷ್ಟನ್ನು ಓದಿದ ಮೇಲೆ ನಮ್ಮ ತರಗತಿಯ ಮಕ್ಕಳ ಜೊತೆ ಸೇರಿ ಒಂದು ಚಿತ್ರಪುಸ್ತಕ ಮಾಡೋಣ ಅಂದುಕೊಂಡೆ. ಅರ್ಧದಷ್ಟು ಮಕ್ಕಳಿಗೆ ಇನ್ನೂ ಒತ್ತಕ್ಷರ ಓದೋಕೆ ಬರಲ್ಲ, ಚಿತ್ರ ಎಲ್ಲರಿಗೂ ಅರ್ಥವಾಗುತ್ತೆ. ಒಬ್ಬಿಬ್ಬರು ಪೋಷಕರಿಗೆ ಇದು ಇಷ್ಟವಾಗಲಿಲ್ಲ. ಇಲ್ಲಿನ ಮಕ್ಕಳಿಗೆ ಜಾತಿ ಅಂದರೇನು ಅಂತಲೇ ಗೊತ್ತಿಲ್ಲ, ನಾವೇ ಯಾಕೆ ಹೇಳಿಕೊಡಬೇಕು ಅಂತ ಅವರ ವಾದ. ಅದನ್ನು ತಳ್ಳಿಹಾಕೋಕೆ ನನಗೆ ಆಗಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಹೆದರಿಸದೆ, ಯಾರನ್ನೂ ಕೀಳಾಗಿ ತೋರಿಸದೆ ಹೇಳೋಣ ಅಂತ ಒಪ್ಪಿಸಿದೆವು.

ಮೊದಲ ಕರಡಿನಲ್ಲಿ ನಾನೇ ತಪ್ಪು ಮಾಡಿದ್ದೆ. ಪ್ರತಿ ಪುಟದಲ್ಲೂ ಪೇಟ ಸುತ್ತಿದ ರಂಗರಾಯರು ನಡುವೆ ದೊಡ್ಡದಾಗಿ, ಸುತ್ತ ಬೆನ್ನು ಮಾಡಿ ಕೂತ ಪುಟ್ಟ ಪುಟ್ಟ ಮಕ್ಕಳು. ಅದನ್ನು ನೋಡಿದ ಅದೇ ಹುಡುಗಿ, ಇವರಿಗೆಲ್ಲ ಮುಖ ಯಾಕಿಲ್ಲ ಅಂತ ಕೇಳಿದಳು. ರೂಬಿಯ ಪುಸ್ತಕದಲ್ಲಿ ರೂಬಿಯ ಮುಖ ಇದೆಯಲ್ಲ! ಮತ್ತೆ ಬಿಡಿಸಿದೆವು. ಈ ಸಲ ಎರಡು ಪೈಸೆ ಹಿಡಿದ ಕೈ, ಊಟದ ತಟ್ಟೆ, ಸ್ಲೇಟು, ಮೊದಲ ದಿನ ಬಾಗಿಲಲ್ಲಿ ಅನುಮಾನದಿಂದ ನಿಂತ ಹುಡುಗನ ಮುಖ ಬಂತು. ರಂಗರಾಯರು ಮೂಲೆಗೆ ಸರಿದರು. ಬಹುಶಃ ಅವರಿಗೂ ಅದೇ ಇಷ್ಟವಾಗುತ್ತಿತ್ತೇನೋ.

ಧೂಳಿನ ಪುಟ ಓದಿದ ಶನಿವಾರ ಮಗನನ್ನು ಕರೆದುಕೊಂಡು ಹೋಗಲು ಬಂದಿದ್ದ ಒಬ್ಬ ತಂದೆ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ಅಬುಧಾಬಿಯಿಂದ ಪ್ರತಿ ವಾರ ಡ್ರೈವ್ ಮಾಡಿಕೊಂಡು ಬರುವವರು, ಹೆಚ್ಚು ಮಾತಿಲ್ಲ. ತರಗತಿ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, ತಮ್ಮ ಅಜ್ಜ ಅಕ್ಷರ ಕಲಿತದ್ದು ಮಿಷನ್ನಿನ ಶಾಲೆಯಲ್ಲೇ ಅಂದರು. ಈ ದೇಶಕ್ಕೆ ಬಂದು ಹನ್ನೊಂದು ವರ್ಷವಾದರೂ ಕನ್ನಡದವರ ನಡುವೆ ಈ ಮಾತನ್ನು ಯಾರಿಗೂ ಹೇಳಿರಲಿಲ್ಲವಂತೆ. ಜಾತಿ ಇಲ್ಲಿ ಯಾರಿಗೂ ಗೊತ್ತಿಲ್ಲ ಅಂತ ನಾವು ಅಂದುಕೊಂಡಿದ್ದೆವಲ್ಲ, ಅದನ್ನು ಮುಚ್ಚಿಟ್ಟುಕೊಂಡು ಬದುಕುವವರಿಗೆ ಮಾತ್ರ ಅದು ದಿನವೂ ಗೊತ್ತಿತ್ತು. ಹಿಂದಿನ ರಾತ್ರಿ ಬೀಸಿದ ಗಾಳಿಗೆ ಅವರ ಕಾರಿನ ಮೇಲೆಲ್ಲ ಮರಳು ಕೂತಿತ್ತು. ಅದನ್ನು ತೋರಿಸಿ ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ವಾರ ಅವರೇ ಬಂದು ಮಕ್ಕಳಿಗೆ ತಮ್ಮ ಅಜ್ಜನ ಕಥೆ ಹೇಳಿದರು. ಅವರ ಮಗ ಮೊದಲ ಸಾಲಿನಲ್ಲಿ ಕೂತು ಬಾಯಿ ಬಿಟ್ಟುಕೊಂಡು ಕೇಳಿದ. ಕೊನೆಯ ಪುಟದ ಕಾರನ್ನು ಅವನೇ ಬಿಡಿಸಿದ್ದಾನೆ. ನಾಲ್ಕೂ ಚಕ್ರದ ಹಿಂದೆ ಹಳದಿ ಕ್ರೇಯಾನಿನಲ್ಲಿ ತುಂಬಾ ಧೂಳು, ಒಳಗೆ ಸ್ಟೀರಿಂಗ್ ಹಿಡಿದು ಕೂತ ಅಜ್ಜ. ಅಜ್ಜ ಯಾವತ್ತೂ ಕಾರು ಓಡಿಸಿರಲಿಲ್ಲ ಅಂತ ತಂದೆ ಹೇಳಿದರೂ ಅವನು ತಿದ್ದಲಿಲ್ಲ.

ಈ ಸಲ ರಜೆಗೆ ಮಂಗಳೂರಿಗೆ ಹೋಗುವವರು ಪುರಭವನದ ಮುಂದೆ ಮಕ್ಕಳನ್ನು ನಿಲ್ಲಿಸಿ ಆ ಹೆಸರು ಓದಿಸಿ. ಅವರು ಯಾರು ಅಂತ ಮಕ್ಕಳು ಕೇಳಿದರೆ ಹೇಳೋಕೆ ಇಷ್ಟಾದರೂ ನಮ್ಮ ಹತ್ತಿರ ಇರಲಿ.