ರಾಮನ್ನರೂ ವಜ್ರವೂ

ವಜ್ರವೂ ಪೆನ್ಸಿಲಿನ ಕಡ್ಡಿಯೂ ಒಂದೇ ಇಂಗಾಲವೆಂದು ನೀಲಗುಂದದ ಶಾಲೆಯಲ್ಲಿ ಗುರುಗಳು ಹೇಳಿದಾಗ ನಾನು ನಂಬಿರಲಿಲ್ಲ. ಸರ್ ಸಿ. ವಿ. ರಾಮನ್ನರ ಜೀವನವನ್ನು ಓದುವಾಗ ಆ ಮಾತು ಮತ್ತೆ ನೆನಪಾಯಿತು.

1888ರಲ್ಲಿ ತಿರುಚಿನಾಪಳ್ಳಿಯಲ್ಲಿ ಜನಿಸಿ, ಬೆಳಕಿನ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಇಲ್ಲಿ ನೂರಾರು ವಜ್ರಗಳನ್ನು ಕೂಡಿಸಿದರು. ತೊಡುವುದಕ್ಕಲ್ಲ, ಬೆಳಕು ಹಾಯಿಸಿ ಪರೀಕ್ಷಿಸುವುದಕ್ಕೆ. ವಜ್ರದಲ್ಲಿ ಪ್ರತಿಯೊಂದು ಪರಮಾಣುವೂ ಸುತ್ತಲಿನ ನಾಲ್ಕರೊಡನೆ ಬಂಧಿಸಿಕೊಂಡಿದೆ. ಆದುದರಿಂದ ಅಷ್ಟು ಕಾಠಿಣ್ಯ. ಗ್ರಾಫೈಟಿನಲ್ಲಿ ಮೂರರೊಡನೆ ಮಾತ್ರ ಬಿಗಿದು ಹಾಳೆಗಳಾಗಿವೆ. ಹಾಳೆಗಳು ಜಾರುವುದರಿಂದ ಅದು ಕಾಗದಕ್ಕೆ ಹತ್ತುತ್ತದೆ.

ವಜ್ರದ ಪರಮಾಣುಗಳ ಕಂಪನದ ವಿಷಯದಲ್ಲಿ ರಾಮನ್ನರು ಮ್ಯಾಕ್ಸ್ ಬಾರ್ನರೊಡನೆ ವಾದ ಹೂಡಿದರು. ಮುಂದೆ ಪ್ರಯೋಗಗಳು ಬಾರ್ನರ ಪಕ್ಷವನ್ನೇ ಎತ್ತಿಹಿಡಿದವು. ಆದರೂ 1970ರಲ್ಲಿ ತೀರಿಕೊಳ್ಳುವವರೆಗೆ ಅವರ ಕುತೂಹಲ ಬತ್ತಲಿಲ್ಲ. ದೊಡ್ಡವರೂ ತಪ್ಪಬಹುದು, ಕಡೆಗೆ ತೀರ್ಪು ಕೊಡುವುದು ಪ್ರಯೋಗವೇ ಎಂಬುದು ನಾನು ಕಲಿತ ಪಾಠ.