ಓಹಿಯೋಗೆ ಹೋಗಿ ಬಂದ ಮೇಷ್ಟ್ರು: ಡಾ. ಎಚ್. ನರಸಿಂಹಯ್ಯ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಡಾ. ಎಚ್. ನರಸಿಂಹಯ್ಯನವರು. ಅವರು ನಮ್ಮ ಜಿಲ್ಲೆಯವರಲ್ಲ. ಆದರೂ ಅವರನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ.

ಕಳೆದ ವರ್ಷ, ಇದೇ ಶಾಲೆಯಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದ. ಅವಳೂ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ, ಇಂಜಿನಿಯರಿಂಗ್ ಮುಗಿಸಿದ್ದಳು. ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ ಪ್ರವೇಶ ಪತ್ರ ಬಂದಿತ್ತು. ಶುಲ್ಕ, ವಸತಿ, ಊಟದ ಲೆಕ್ಕ ಹಾಕಿದರೆ ತೆಂಗಿನ ತೋಟವನ್ನು ಬ್ಯಾಂಕಿಗೆ ಅಡವಿಡದೆ ಬೇರೆ ದಾರಿ ಇರಲಿಲ್ಲ. ಕಳಿಸಬೇಕೋ ಬೇಡವೋ, ಮೇಷ್ಟ್ರಾಗಿದ್ದವನು ನೀನೇ ಹೇಳಪ್ಪ ಎಂದು ಗೆಳೆಯ ಕೂತುಬಿಟ್ಟ. ನನಗೆ ಆ ದಿನ ಉತ್ತರ ಹೊಳೆಯಲಿಲ್ಲ. ಅವರು ಹೋದ ಮೇಲೆ ಎಚ್.ಎನ್. ಅವರ ಆತ್ಮಕಥೆ ಹೋರಾಟದ ಹಾದಿಯನ್ನು ಮತ್ತೊಮ್ಮೆ ಕೈಗೆತ್ತಿಕೊಂಡೆ.

ನರಸಿಂಹಯ್ಯನವರು ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಹಿಂದುಳಿದ ವರ್ಗದ ಬಡ ಕುಟುಂಬ. ಊರಿನ ಸರ್ಕಾರಿ ಶಾಲೆಯಲ್ಲಿ ಓದು ಮುಗಿದಾಗ ಮುಂದೆ ಓದಿಸುವವರು ಯಾರೂ ಇರಲಿಲ್ಲ. ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರುವ ಅವಕಾಶ ಒದಗಿದಾಗ ಪ್ರಯಾಣಕ್ಕೆ ದುಡ್ಡಿರಲಿಲ್ಲ. 1935ರಲ್ಲಿ, ಹದಿನೈದರ ಹುಡುಗ, ಎರಡು ದಿನ ನಡೆದೇ ಬೆಂಗಳೂರು ಸೇರಿದರು. ಸುಮಾರು 80 ಕಿಲೋಮೀಟರ್. ನಮ್ಮ ಅರಸೀಕೆರೆಯಿಂದ ಹಾಸನಕ್ಕೆ ನಡೆದು ಹೋಗಿ, ನಡೆದೇ ಹಿಂದಕ್ಕೆ ಬಂದಷ್ಟು ದೂರ.

ಹಳ್ಳಿಯ ಮಕ್ಕಳಿಗೆ ಮೊದಲ ಪರದೇಶ ಯಾವುದು ಎಂದು ಕೇಳಿದರೆ ನಾನು ಬೆಂಗಳೂರು ಎಂದೇ ಹೇಳುತ್ತೇನೆ. ಇಲ್ಲಿಂದ ಹೋಗಿ ಅಲ್ಲಿನ ಹಾಸ್ಟೆಲಿನಲ್ಲಿ ಮೊದಲ ರಾತ್ರಿ ಕಳೆದವರಿಗೆ ಈ ಮಾತು ಅರ್ಥವಾಗುತ್ತದೆ. ನರಸಿಂಹಯ್ಯನವರು ಆ ಪರದೇಶವನ್ನು ಗೆದ್ದರು. 1936ರಲ್ಲಿ ಗಾಂಧೀಜಿ ಅವರ ಶಾಲೆಗೆ ಬಂದಾಗ, ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸುವ ಅವಕಾಶ ಈ ಹಳ್ಳಿ ಹುಡುಗನ ಪಾಲಿಗೆ ಬಂತು. ಅಂದಿನಿಂದ ಖಾದಿ ಮತ್ತು ಗಾಂಧಿ ವಿಚಾರ ಅವರ ಬದುಕನ್ನು ಬಿಡಲಿಲ್ಲ.

ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಆನರ್ಸ್ ಓದುತ್ತಿದ್ದಾಗ 1942ರ ಕ್ವಿಟ್ ಇಂಡಿಯಾ ಚಳವಳಿ ಬಂತು. ಓದು ಬಿಟ್ಟು ಚಳವಳಿಗಿಳಿದು ಜೈಲು ಸೇರಿದರು. ಬಿಡುಗಡೆಯಾದ ಮೇಲೆ ಮತ್ತೆ ಕಾಲೇಜಿಗೆ ಹೋಗಿ ಆನರ್ಸ್ ಮತ್ತು ಎಂ.ಎಸ್ಸಿ. ಮುಗಿಸಿ, 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು.

ಇಲ್ಲಿಂದ ಮುಂದಿನ ಭಾಗವನ್ನೇ ನಾನು ಎರಡೆರಡು ಸಲ ಓದಿದ್ದು. ಎಂ.ಎಸ್ಸಿ. ಆದ ಕೂಡಲೇ ಅವರು ವಿದೇಶಕ್ಕೆ ಓಡಲಿಲ್ಲ. ಹನ್ನೊಂದು ವರ್ಷ ಪಾಠ ಹೇಳಿದರು. ಹುಡುಗರಿಗೆ ಕಲಿಸುತ್ತ ಕಲಿಸುತ್ತ, ತಾನು ಇನ್ನೂ ಏನು ಕಲಿಯಬೇಕು ಎಂಬುದು ಖಚಿತವಾದ ಮೇಲೆ, 1957ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. ಆಗ ಅವರು ಮತ್ತೊಮ್ಮೆ ವಿದ್ಯಾರ್ಥಿ.

ಅದು ವಿಜ್ಞಾನಕ್ಕೆ ದೊಡ್ಡ ಕಾಲ. ಅದೇ 1957ರ ಅಕ್ಟೋಬರ್ 4ರಂದು ರಷ್ಯಾ ಸ್ಪುಟ್ನಿಕ್ ಹಾರಿಸಿತು. ಹಿಂದೆ ಬಿದ್ದೆವೆಂದು ಗಾಬರಿಯಾದ ಅಮೆರಿಕ ವಿಜ್ಞಾನ ಶಿಕ್ಷಣಕ್ಕೆ ಹಣ ಸುರಿಯತೊಡಗಿತು. ಭೌತಶಾಸ್ತ್ರ ಬಲ್ಲವರಿಗೆ ಅಲ್ಲಿ ಬೇಡಿಕೆ ಹೆಚ್ಚುತ್ತಿದ್ದ ದಿನಗಳು. ನರಸಿಂಹಯ್ಯನವರು ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಿ 1960ರಲ್ಲಿ ಪಿಎಚ್.ಡಿ. ಪಡೆದರು. ಮನೆ, ಸಂಸಾರದ ಕಟ್ಟುಗಳಿಲ್ಲದ ಬ್ರಹ್ಮಚಾರಿಗೆ ಅಲ್ಲೇ ಉಳಿಯುವುದು ಕಷ್ಟವಿರಲಿಲ್ಲ. ಅವರು ಹಿಂತಿರುಗಿದ್ದು ಹೊರಟುಹೋಗಿದ್ದ ಅದೇ ನ್ಯಾಷನಲ್ ಕಾಲೇಜಿಗೆ.

ಹಿಂತಿರುಗಿ ಏನು ಮಾಡಿದರು ಎಂಬುದು ಮುಖ್ಯ. 1961ರಲ್ಲಿ ಪ್ರಾಂಶುಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರಕ್ಕೊಮ್ಮೆ ವಿಜ್ಞಾನಿಗಳು ಬಂದು ಸಾಮಾನ್ಯರಿಗೆ ತಿಳಿಯುವಂತೆ ಮಾತಾಡುವ ವೇದಿಕೆ ಅದು. ಯಾರು ಬೇಕಾದರೂ ಹೋಗಿ ಕೂರಬಹುದಿತ್ತು. ಬಿ.ಎಡ್. ಓದಲು ಬೆಂಗಳೂರಿನಲ್ಲಿದ್ದಾಗ ನಾನೂ ಕೆಲವು ಬುಧವಾರ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೇನೆ. ಖಾದಿ ಪಂಚೆ, ಜುಬ್ಬಾ, ಬಿಳಿ ಟೋಪಿಯ ಆ ವ್ಯಕ್ತಿಯನ್ನು ದೂರದಿಂದ ನೋಡಿದ್ದೇನೆ. ಅಮೆರಿಕದಲ್ಲಿ ಓದಿ ಬಂದವರು ಇವರೇ ಎಂದರೆ ನಂಬುವುದು ಕಷ್ಟವಾಗಿತ್ತು. ಕೊನೆಯವರೆಗೂ ಅವರು ವಾಸವಿದ್ದದ್ದು ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ.

1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿ ರಚಿಸಿದರು. ದೊಡ್ಡ ವಿವಾದವೇ ಎದ್ದಿತು, ಅವರು ಹಿಂಜರಿಯಲಿಲ್ಲ. ನ್ಯಾಷನಲ್ ಶಿಕ್ಷಣ ಸಂಸ್ಥೆಯ ಮೂಲಕ ಗೌರಿಬಿದನೂರು, ಬಾಗೇಪಲ್ಲಿಯಂಥ ಬರದ ಸೀಮೆಯ ಊರುಗಳಿಗೆ ಕಾಲೇಜು ಕೊಂಡೊಯ್ದರು. ತಾವು ಎರಡು ದಿನ ನಡೆದ ದಾರಿಯನ್ನು ಮುಂದಿನ ಮಕ್ಕಳು ನಡೆಯದಿರಲಿ ಎಂಬ ಆಸೆ ಅದರ ಹಿಂದಿತ್ತೆಂದು ನಾನು ತಿಳಿದಿದ್ದೇನೆ. 1984ರಲ್ಲಿ ಪದ್ಮಭೂಷಣ ಬಂತು. 2005ರ ಜನವರಿ 31ರಂದು ಕಾಲವಾದರು.

ಈ ಬದುಕನ್ನು ಓದಿದ ಮೇಲೆ ಗೆಳೆಯನಿಗೆ ನನಗೆ ತೋಚಿದ್ದನ್ನು ಹೇಳಿದೆ. ವಿದೇಶದ ಓದು ಒಳ್ಳೆಯದು, ಆದರೆ ಅವಸರ ಬೇಡ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಕಿರಿಯರಿಗೆ ಪಾಠ ಹೇಳಿ, ಇಲ್ಲವೇ ಪ್ರಯೋಗಾಲಯದಲ್ಲಿ ದುಡಿದು, ಶುಲ್ಕದ ವಿನಾಯಿತಿಯನ್ನೂ ತಿಂಗಳ ವೇತನವನ್ನೂ ಪಡೆಯುತ್ತಾರೆ. ಅಂಥ ನೆರವು ಸಿಗುವ ಕಡೆ ಪ್ರಯತ್ನಿಸಲಿ. ಅಲ್ಲಿಯವರೆಗೆ ಇಲ್ಲೇ ಕೆಲಸ ಮಾಡಿ, ತನಗೆ ಯಾವ ವಿಷಯ ಬೇಕು ಎಂಬುದನ್ನು ಗಟ್ಟಿಮಾಡಿಕೊಳ್ಳಲಿ. ಬರೀ ಪ್ರವೇಶ ಪತ್ರ ನಂಬಿ ತೋಟ ಅಡವಿಡುವುದು ಬೇಡ.

ಹುಡುಗಿ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ತಲೆ ಎತ್ತಿ, ನರಸಿಂಹಯ್ಯನವರು ಹನ್ನೊಂದು ವರ್ಷ ಕಾಯಬಹುದಿತ್ತು, ನಾನು ಎರಡು ವರ್ಷ ಕಾದರೆ ನನಗೆ ಮದುವೆ ಮಾಡಿಬಿಡುತ್ತಾರೆ, ಆಗ ಏನು ಮಾಡಲಿ ಸಾರ್ ಎಂದು ಕೇಳಿದಳು. ನಾನು ಯೋಚಿಸದೆ ಇದ್ದದ್ದು ಅದನ್ನೇ. ಕಾಯುವುದು ಎಲ್ಲರಿಗೂ ಒಂದೇ ಬೆಲೆಯಲ್ಲಿ ಸಿಗುವುದಿಲ್ಲ. ಅವಳೆದುರಿಗೇ ಗೆಳೆಯನಿಂದ ಮಾತು ತೆಗೆದುಕೊಂಡೆ: ಅವಳು ಪ್ರಯತ್ನ ನಿಲ್ಲಿಸುವವರೆಗೆ ಮದುವೆಯ ಪ್ರಸ್ತಾಪ ಎತ್ತಬಾರದೆಂದು. ಅವನು ಒಪ್ಪಿದ.

ಈಗ ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ರಾತ್ರಿ ಓದುತ್ತಾಳೆ, ಅರ್ಜಿ ಹಾಕುತ್ತಿದ್ದಾಳೆ. ಎರಡು ಕಡೆಯಿಂದ ಇಲ್ಲವೆಂದು ಬಂದಿದೆ. ತೋಟ ಉಳಿದಿದೆ. ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಕೆಲವು ರಾತ್ರಿ ಯೋಚಿಸುತ್ತೇನೆ. ಗೆಳೆಯ ಮಾತ್ರ ಕೊಟ್ಟ ಮಾತು ಉಳಿಸಿಕೊಂಡಿದ್ದಾನೆ.

ನಮ್ಮ ಶಾಲೆಯ ಮಕ್ಕಳು ದೇಶ ಬಿಟ್ಟು ಹೋಗಬಾರದೆಂದು ನಾನು ಹೇಳುವುದಿಲ್ಲ. ಹೋಗಲಿ, ಎಲ್ಲಿಗೆ ಬೇಕಾದರೂ ಹೋಗಲಿ. ಅಲ್ಲಿ ನೆಲೆಸಿದವರನ್ನು ದೂರುವುದೂ ಇಲ್ಲ. ಏತಕ್ಕೆ ಹೋಗುತ್ತಿದ್ದೇವೆ ಎಂಬುದು ಹೊರಡುವ ಮುಂಚೆ ಗೊತ್ತಿರಲಿ, ಕಲಿತದ್ದರಲ್ಲಿ ಒಂದು ಪಾಲು ಕಣಕಟ್ಟೆಯ ಮಕ್ಕಳಿಗೂ ಸಿಗಲಿ, ಅಷ್ಟೇ. ಹೊಸೂರಿನ ಹುಡುಗ ನಮಗೆ ಬಿಟ್ಟುಹೋದ ಪಾಠ ಇದು.